ನೀರು ಕುಡಿದ ಕಬ್ಬಿಣ

ಕಬ್ಬಿಣ ಒಮ್ಮೆಲೇ ಮುರಿಯುವುದಿಲ್ಲ. ಮೊದಲು ಬಿರಿಯುತ್ತದೆ, ಆಮೇಲೆ ಮುರಿಯುತ್ತದೆ. ಎರಡರ ನಡುವೆ ಒಂದಿಷ್ಟು ಹೊತ್ತು ಇರುತ್ತದೆ. ಆ ಹೊತ್ತಿನಲ್ಲಿ ಯಾರಾದರೊಬ್ಬರು ಬಿರುಕನ್ನು ನೋಡಿಯೇ ಇರುತ್ತಾರೆ. ಇದು ನಿಮಗೆ ಗೊತ್ತಿರಬೇಕಾದ ಮಾತು. ಗೊತ್ತಿದ್ದೂ, ಲಾರಿ ಉರುಳಿದ ಮರುದಿನ ಕಟ್ಟೆಯ ಮೇಲೆ ಕುಳಿತು “ಅವರ ಹಣೆಬರಹ” ಎನ್ನುತ್ತೀರಿ. ಸತ್ತವರ ಹಣೆಯನ್ನು ಅಷ್ಟು ಚೆನ್ನಾಗಿ ಓದಬಲ್ಲವರಿಗೆ ಕಬ್ಬಿಣದ ಮೇಲಿನ ಬಿರುಕು ಮಾತ್ರ ಕಾಣುವುದಿಲ್ಲ.

ಕುಷ್ಟಗಿಯ ಕೂಡುರಸ್ತೆಯಲ್ಲಿ ತಗಡಿನ ಚಪ್ಪರ ಹಾಕಿ ಲಾರಿ ರಿಪೇರಿಗೆ ಕುಳಿತ ಕಮ್ಮಾರ ದ್ಯಾವಪ್ಪನಿಗೆ ಅದು ಕಂಡಿತು. ಕಾಣುವ ಹೊತ್ತಿಗೆ ಬಂಡಿ ಹೊರಟುಹೋಗಿತ್ತು. ತಪ್ಪು ಅವನದೇ ಕೈಯದಾಗಿತ್ತು.

ದ್ಯಾವಪ್ಪ ಬೇವೂರಿನವನು, ಆಯಗಾರರ ಮನೆಯವನು. ವರ್ಷವಿಡೀ ಊರ ರೈತರ ನೇಗಿಲ ಕುಳ, ಕುಡಗೋಲು, ಬಂಡಿಯ ಹಳಿ ನೋಡಿಕೊಳ್ಳಬೇಕು. ಸುಗ್ಗಿಯಲ್ಲಿ ಅವರ ಕಣಕ್ಕೆ ಹೋಗಿ ಆಯದ ಜೋಳ ಅಳೆಸಿಕೊಳ್ಳಬೇಕು. ರೈತ ಸಾಮಾನು ತಂದರೆ ‘ಇಲ್ಲ’ ಅನ್ನುವ ಹಾಗಿಲ್ಲ. ತಂದವನು ನಿಂತಿರುವಾಗಲೇ ಮಾಡಿ ಕೈಗೆ ಕೊಡಬೇಕು, ಕುಲುಮೆಯಲ್ಲಿ ಇಟ್ಟುಕೊಳ್ಳಬಾರದು. ಕೆಲಸ ಕೆಟ್ಟರೂ ಅಂಥ ದೊಡ್ಡ ಮಾತಲ್ಲ. ಕುಳ ಮುರಿದರೆ ಎತ್ತುಗಳು ನಿಲ್ಲುತ್ತವೆ, ರೈತ ಬೈಯುತ್ತ ಬರುತ್ತಾನೆ, ಮತ್ತೆ ಬಡಿದರಾಯಿತು. ಹೀಗಾಗಿ ಆ ಮನೆಯ ಗಂಡಸರ ಬಾಯಲ್ಲಿ ತಲೆಮಾರುಗಳಿಂದ ಒಂದೇ ಮಾತು: “ಆಗಲ್ರಿ.”

ಯುದ್ಧ ಮುಗಿದ ಮೇಲೆ ನಮ್ಮ ರಸ್ತೆಗಳ ತುಂಬ ಲಾರಿ. ಮಿಲಿಟರಿಯವರು ಬೇಡವೆಂದು ಮಾರಿದವು, ಬಣ್ಣ ಬಳಿದು ಮುದುಕತನ ಮುಚ್ಚಿದವು. ಅತ್ತ ಹೊಳೆಗೆ ಅಣೆಕಟ್ಟು ಕಟ್ಟುವ ಕೆಲಸ ಹಿಡಿದಿತ್ತು. ಕಲ್ಲು ಹೋಗಬೇಕು, ಸುಣ್ಣ ಹೋಗಬೇಕು, ಆಳುಗಳು ಹೋಗಬೇಕು. ಒಂದು ಲಾರಿ ಸಾಲದೆಂದು ಅದರ ಬೆನ್ನಿಗೆ ಟ್ರೇಲರನ್ನೂ ಕಟ್ಟಿದರು. ನಮ್ಮವರು ಅದನ್ನು ಹಿಂದಿನ ಬಂಡಿ ಅಂದರು. ಅದಕ್ಕೂ ಎತ್ತಿನ ಬಂಡಿಯಂತೆ ಮುಂದಕ್ಕೆ ಚಾಚಿದ ಉದ್ದನೆಯ ಒಂದು ಮೂಕಿ. ಮೂಕಿಯ ತುದಿಗೆ ಕಬ್ಬಿಣದ ದಪ್ಪ ಬಳೆ. ಆ ಬಳೆ ಲಾರಿಯ ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಹಿಂದೆ ಕುಳಿತವರ ಜೀವವೆಲ್ಲ ಆ ಒಂದು ಬಳೆಯಲ್ಲಿ.

ಬೇವೂರಿನ ಹತ್ತಿರ ಒಮ್ಮೆ ಲಾರಿಯೊಂದರ ಸ್ಪ್ರಿಂಗ್ ಪಟ್ಟಿ ಮುರಿಯಿತು. ಡ್ರೈವರ್ ಶಬ್ಬೀರಸಾಬ ಕುಲುಮೆಗೆ ಬಂದ. ದ್ಯಾವಪ್ಪ ಹೇಗೋ ಜೋಡಿಸಿ ಕೊಟ್ಟ. ಹೊರಡುವಾಗ ಶಬ್ಬೀರಸಾಬ, “ಭಾಳ ಛಲೋ ಮಾಡಿದಿ ಮಿಸ್ತ್ರಿ” ಎಂದ. ಊರ ಚಿಕ್ಕ ಹುಡುಗರ ಬಾಯಲ್ಲೂ ‘ದ್ಯಾವ್ಯಾ’ ಆಗಿದ್ದವನಿಗೆ ಆ ‘ಮಿಸ್ತ್ರಿ’ ಎದೆಯಲ್ಲಿ ನಾಟಿತು.

ರಸ್ತೆಗೆ ಹೋಗಿ ಲಾರಿ ರಿಪೇರಿಗೆ ಕೂರುತ್ತೇನೆಂದಾಗ ಅಣ್ಣ ಹನುಮಣ್ಣ ಇಕ್ಕಳ ಎತ್ತಿ ಕೇಳಿದ, “ಲಾರಿ ಏನ್ ಸುಗ್ಗಿಗೆ ಜ್ವಾಳ ಅಳದ ಕೊಡ್ತೈತೇನಲೇ?”

“ಇಲ್ಲಣ್ಣ. ಆದ್ರ ದ್ಯಾವ್ಯಾ ಅನ್ನಂಗಿಲ್ಲ.”

ಕುಲುಮೆಯ ಮುಂದೆ ಕುಳಿತವರು ನಕ್ಕರು. “ಹೋಗ್ಲಿ ಬಿಡ್ರೆಪಾ. ನಮ್ಮ ಕುಳಾ ಸವಿಯೂದ್ರಾಗ ತಿದಿ ಹೊತ್ಕೊಂಡ ತಿರುಗಿ ಬರ್ತಾನ.”

ಅವನಿಗೆ ಇದ್ದ ಭಯ ಇದೊಂದೇ: ತಿರುಗಿ ಹೋಗುವುದು.

ಕೂಡುರಸ್ತೆಯ ಅಂಗಡಿಗೆ ತಿದಿ ಊದುವವಳೂ, ದೊಡ್ಡ ಸುತ್ತಿಗೆ ಬೀಸುವವಳೂ ಹೆಂಡತಿ ಕನಕಮ್ಮ. ಮೊದಲ ದಿನಗಳಲ್ಲಿ ಲಾರಿಗಳು ಧೂಳೆಬ್ಬಿಸಿ ಮುಂದೆ ಹೋದವು. ಕಡೆಗೊಂದು ಬೆಳಿಗ್ಗೆ ಶಬ್ಬೀರಸಾಬನ ಲಾರಿ ಬಂದು ನಿಂತಿತು. ಪಕ್ಕದಲ್ಲಿ ಅದರ ಮಾಲಕ, ಗುತ್ತೇದಾರ ದೊಡ್ಡಬಸಪ್ಪ. ಅಣೆಕಟ್ಟಿಗೆ ಆಳು ಸಾಗಿಸುವವನು. ಅವನ ಲಾರಿಗಳು ಬಂದರೆ ಅಂಗಡಿ ನೆಲೆಯೂರಿದಂತೆ, ಬರದಿದ್ದರೆ ಬೇವೂರೇ ಗತಿ. ಹಿಂದಿನ ಬಂಡಿಯ ಬಳೆ ಬಿರಿದಿತ್ತು.

ದ್ಯಾವಪ್ಪ ಬಳೆ ಬಿಚ್ಚಿದ. ಅರ ಹಾಕಿದರೆ ಅರವೇ ಜಾರಿತು. ಇದು ನಮ್ಮ ಬಂಡಿಯ ಮೆತ್ತನೆ ಕಬ್ಬಿಣವಲ್ಲ, ಬೇರೆ ಜಾತಿ ಎಂದು ಕೈಗೆ ತಿಳಿಯಿತು. ಕೆಂಪಗೆ ಕಾಯಿಸಿ, ಬಿರಿದ ಭಾಗವನ್ನು ಕತ್ತರಿಸಿ, ಕಬ್ಬಿಣ ತಣಿಸುವ ಕಲ್ಲುದೋಣಿಯ ನೀರಿಗೆ ಎಸೆದ. ಉಳಿದದ್ದನ್ನು ಬಾಗಿಸಿ ಬೆಸೆದ. ಗಂಡ ಹೆಂಡತಿ ಬೆವರಲ್ಲಿ ತೊಯ್ದುಹೋದರು.

“ಮುಗೀತಿಲ್ಲೋ? ಬೇವೂರಾಗ ಹೆಣ್ಣಾಳು ಕಾಯಾಕ ಹತ್ಯಾವ,” ದೊಡ್ಡಬಸಪ್ಪ ಛತ್ರಿಯಿಂದ ನೆಲ ಕುಟ್ಟಿದ.

“ಬೂದ್ಯಾಗ ಇಟ್ಟು ತಾನಾಗಿ ಆರಾಕ ಬಿಡಬೇಕ್ರಿ ಸಾವ್ಕಾರ್ರ. ನಾಳಿ ಒಯ್ಯಿರಿ.”

“ನಾಳಿ? ಬಂಡಿ ಹಳಿಗೆ ನೀರ ಹಾಕ್ತೀರಿಲ್ಲೋ? ಹಾಕು ಮತ್ತ! ಇಲ್ಲಂದ್ರ ಹೇಳು, ಗಂಗಾವತಿಗೆ ಒಯ್ತೀನಿ.”

ದ್ಯಾವಪ್ಪನ ನಾಲಿಗೆಯ ಮೇಲೆ ‘ಆಗಂಗಿಲ್ಲ’ ಬಂದಿತ್ತು. ಹೊರಗೆ ಬಂದದ್ದು ಅಜ್ಜ ಮುತ್ತಜ್ಜರ ಮಾತು.

“ಆಗಲ್ರಿ.”

ಬಳೆ ದೋಣಿಯಲ್ಲಿ ಚೊಂಯ್ ಎಂದಿತು. ಲಾರಿ ಬೇವೂರಿನ ದಾರಿ ಹಿಡಿಯಿತು.

ಧೂಳು ಕೂತ ಮೇಲೆ ಕನಕಮ್ಮ ದೋಣಿಗೆ ಕೈ ಹಾಕಿ ಆ ಕತ್ತರಿಸಿದ ತುಂಡನ್ನು ಎತ್ತಿದಳು. ಸುತ್ತಿಗೆಯ ಹಿಡಿ ಸಡಿಲಾಗಿತ್ತು, ಬೆಣೆಗೆ ಆದೀತೆಂದು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಟ್ಟು ಒಂದೇಟು ಹಾಕಿದಳು. ತುಂಡು ಚಟ್ಟನೆ ಎರಡಾಯಿತು.

“ಮಡಕಿ ಒಡದಂಗ ಒಡೀತಲ್ಲ!”

ದ್ಯಾವಪ್ಪ ಒಡೆದ ಮುಖ ನೋಡಿದ. ಸಕ್ಕರೆಯ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಅದೇ ಕಬ್ಬಿಣ, ಕಾದಾಗಲೇ ಕುಡಿದದ್ದು ಅದೇ ನೀರು. ಬಳೆಯೂ ಹೀಗೇ ಆಗಿರಬೇಕು. ಬೇವೂರು ದಾಟಿದರೆ ಹಳ್ಳದ ಇಳಿಜಾರು.

ಹೋಗಿ ಹೇಳಿದರೆ ಗುತ್ತೇದಾರ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಮಿಸ್ತ್ರಿ ಕೆಡಿಸಿದ ಎಂಬ ಸುದ್ದಿ ಲಾರಿಗಿಂತ ಮುಂಚೆ ಕೊಪ್ಪಳ ಮುಟ್ಟುತ್ತದೆ.

“ತಾಳಬಹುದು,” ಎಂದ.

“ತಾಳಬಹುದು ಅನ್ನಾವ್ರು ಅದರಾಗ ಕುಂತಿಲ್ಲ,” ಎಂದಳು ಕನಕಮ್ಮ. ಅಷ್ಟೇ ಅಂದು ಪಕ್ಕದ ಅಬ್ದುಲಸಾಬನ ಅಂಗಡಿಯಿಂದ ಸೈಕಲ್ ತಳ್ಳಿಕೊಂಡು ಬಂದು ಗಂಡನ ಮುಂದೆ ನಿಲ್ಲಿಸಿದಳು.

ಎದುರುಗಾಳಿ, ಉರಿಬಿಸಿಲು. ಲಾರಿ ಸಿಗಲಿ ಎಂದು ಪೆಡಲ್ ತುಳಿದ. ನಡುನಡುವೆ, ಸಿಗದೇ ಇರಲಿ ಎಂದೂ ಅನ್ನಿಸಿತಂತೆ. ಹೋಗಿಬಿಟ್ಟಿದ್ದರೆ ನನ್ನ ಕೈಲಾದದ್ದು ಮಾಡಿದೆ ಎಂದು ತಿರುಗಬಹುದಲ್ಲ! ಇದನ್ನು ಕೇಳಿ ಮೂಗು ಮುರಿಯಬೇಡಿ. ನೀವು ಸೈಕಲ್ಲನ್ನೇ ಹತ್ತುತ್ತಿರಲಿಲ್ಲ.

ಗುತ್ತೇದಾರ ಊರ ಗೌಡರ ಮನೆಯಲ್ಲಿ ಊಟಕ್ಕೆ ಕುಳಿತಿದ್ದರಿಂದ ಲಾರಿ ಬೇವೂರಿನಲ್ಲೇ ಇತ್ತು. ದ್ಯಾವಪ್ಪ ಬಂದಾಗ ಅವನು ಕೈ ತೊಳೆದು ಬಂದು ಡ್ರೈವರನ ಪಕ್ಕ ಕುಳಿತಾಗಿತ್ತು. ಲಾರಿಯಲ್ಲಿ ಸುಣ್ಣದ ಚೀಲ. ಹಿಂದಿನ ಬಂಡಿಯಲ್ಲಿ ಬುಟ್ಟಿ, ಬುತ್ತಿಗಂಟು, ಹೆಂಗಸರು. ಸುತ್ತ ನೋಡಲು ನಿಂತ ಊರು.

ದ್ಯಾವಪ್ಪ ಸೈಕಲ್ ಎಸೆದು ಲಾರಿಗೂ ಬಂಡಿಗೂ ನಡುವೆ ಹೋಗಿ ಮೂಕಿಯನ್ನು ತಬ್ಬಿ ಹಿಡಿದ.

“ಇಳೀರಿ! ಎಲ್ಲಾರೂ ಇಳೀರಿ! ಈ ಬಳಿ ತಡ್ಯಾಂಗಿಲ್ಲ. ನಾನ ಕೆಡಿಸೀನಿ.”

ದೊಡ್ಡಬಸಪ್ಪ ಇಳಿದು ಬಂದ. “ಕುಷ್ಟಗಿಯಿಂದ ಇಲ್ಲೀತನ ಬಂತಲ್ಲೋ?”

“ಬರೀ ಬಂಡಿ ಬಂತ್ರಿ. ಈಗ ಇಷ್ಟ ಮಂದಿ ಅದಾರ. ಮುಂದ ಇಳಿಜಾರ ಐತಿ.”

ಗುಂಪಿನಿಂದ ಯಾರೋ ಕೂಗಿದರು. “ನೋಡ್ರೆಪಾ, ದ್ಯಾವ್ಯಾ ಲಾರಿ ಮಿಸ್ತ್ರಿ ಆಗ್ಯಾನ! ತಾನ ಮಾಡೋದು, ತಾನ ಕೆಟ್ಟೈತಿ ಅನ್ನೋದು!” ಊರೆಲ್ಲ ನಕ್ಕಿತು.

ಹನುಮಣ್ಣ ನಗಲಿಲ್ಲ. ಕುಲುಮೆಯಿಂದ ಸುತ್ತಿಗೆ ತಂದು ತಮ್ಮನ ಕೈಗೆ ಕೊಟ್ಟ. ದ್ಯಾವಪ್ಪ ಬಳೆಗೆ ಒಂದೇಟು ಹಾಕಿದ.

ಬಳೆ ಮುರಿಯಲಿಲ್ಲ.

ನಗೆ ಇನ್ನೂ ಜೋರಾಯಿತು. ದೊಡ್ಡಬಸಪ್ಪ ಸುತ್ತಿಗೆ ಕಿತ್ತುಕೊಂಡು ಎಸೆದ. “ಆತಿಲ್ಲೋ ನಿನ್ನ ದೊಂಬರಾಟ? ಸರಿ ಅತ್ತಾಗ. ಇಳದಾಕಿ ಇನ್ನ ಕೆಲಸಕ್ಕ ಬರೂದು ಬ್ಯಾಡ, ಹುಷಾರ!” ಇಳಿಯಲು ಕಾಲು ಚಾಚಿದ್ದವರು ಹಿಂದೆ ಸರಿದು ಕುಳಿತರು. ದ್ಯಾವಪ್ಪ ಮೂಕಿ ಬಿಡಲಿಲ್ಲ.

“ಸಾವ್ಕಾರ್ರ, ಆಗಂಗಿಲ್ರಿ. ಇದನ್ನ ನಾ ಬಿಡಂಗಿಲ್ಲ.” ಆ ಮನೆಯ ಗಂಡಸೊಬ್ಬ ಹಾಗೆ ಅಂದದ್ದನ್ನು ಊರು ಕೇಳಿದ್ದು ಅವತ್ತೇ.

ಆಗ ಬಂಡಿಯ ಅಂಚಿನಲ್ಲಿ ಕುಳಿತಿದ್ದ ಫಕೀರಮ್ಮ, ಕಲ್ಲು ಹೊರುವ ವಯಸ್ಸಾದ ಹೆಂಗಸು, ಬುತ್ತಿಗಂಟು ಸೊಂಟಕ್ಕೆ ಸಿಕ್ಕಿಸಿಕೊಂಡು ಕೇಳಿದಳು.

“ಬಳಿ ಗಟ್ಟಿ ಐತೇನ್ರೀ ಎಪ್ಪಾ?”

“ಕಲ್ಲಿನಂಗ ಐತಿ. ಕಣ್ಣಿಲೇ ನೋಡಿದಿಲ್ಲ?”

“ಹಂಗಾರ ನೀವ ಇಲ್ಲಿ ಬಂದ ಕುಂದರ್ರಿ. ನಾ ಆ ಇಳಿಜಾರದಾಗ ಹೆದರ್ತೀನಿ, ನಿಮ್ಮ ಜಾಗಾದಾಗ ನಾ ಕುಂದರ್ತೀನಿ. ಹಳ್ಳಾ ದಾಟಿದ ಮ್ಯಾಲ ಬದಲಿ ಆಗೂಣಂತ.”

ಯಾರೂ ನಗಲಿಲ್ಲ. ದೊಡ್ಡಬಸಪ್ಪ ಬಂಡಿಯನ್ನು ನೋಡಿದ, ಬಳೆಯನ್ನು ನೋಡಿದ, ಛತ್ರಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಹತ್ತಲಿಲ್ಲ.

ಅಷ್ಟು ಸಾಕಾಗಿತ್ತು. ಫಕೀರಮ್ಮ ಇಳಿದಳು, ಅವಳ ಹಿಂದೆ ಉಳಿದವರೆಲ್ಲ ಇಳಿದರು. ಶಬ್ಬೀರಸಾಬ ಎಂಜಿನ್ ಬಂದ್ ಮಾಡಿ ಬಂದು, ತಾನೇ ಕೊಕ್ಕೆಯಿಂದ ಬಳೆ ಬಿಡಿಸಿದ.

ಬಳೆ ಕಡೆಗೆ ಮುರಿಯಿತೋ ಇಲ್ಲವೋ ಎಂದು ಕೇಳುವವರಿದ್ದೀರಿ. ಮುರಿಯಿತು. ಮೂಕಿಯಿಂದ ಬಿಚ್ಚಿ ಹನುಮಣ್ಣನ ಅಡಿಗಲ್ಲಿನ ಮೇಲಿಟ್ಟು ಬಡಿದಾಗ ಎರಡು ಹೋಳಾಯಿತು, ಒಳಗೆ ಅದೇ ಬಿಳಿ ಸಕ್ಕರೆ. ಆದರೆ ಗುತ್ತೇದಾರನ ಕಾಲು ಬಂಡಿ ಏರದೆ ನಿಂತಾಗಲೇ ಉತ್ತರ ಸಿಕ್ಕಿತ್ತು. ಕಣ್ಣಿಗೆ ಕಾಣದ ಆ ಬಿರುಕು ಅವನಿಗೂ ಕಂಡಿತ್ತು. ತಾನು ಕೂರುವ ಜಾಗ ಅದಲ್ಲವೆಂದು ಸುಮ್ಮನಿದ್ದ.

ದೊಡ್ಡಬಸಪ್ಪನ ಲಾರಿ ಮತ್ತೆ ಅಂಗಡಿಗೆ ಬರಲಿಲ್ಲ. ಬೇವೂರಿನವರು ಬಹಳ ದಿನ ನಕ್ಕರು. ದ್ಯಾವಪ್ಪ ತಿದಿ ಹೊತ್ತು ತಿರುಗಿ ಹೋಗಲಿಲ್ಲ. ಕನಕಮ್ಮ ಹೋಗಗೊಡಲಿಲ್ಲ ಎಂದರೆ ಸರಿಯಾದೀತು. ಶಬ್ಬೀರಸಾಬ ಗುತ್ತೇದಾರನನ್ನು ಬಿಟ್ಟು ಬೇರೆ ಮಾಲಕನ ಲಾರಿ ಹಿಡಿದ. ಮೊದಲು ಅದನ್ನೇ ತಂದು ದ್ಯಾವಪ್ಪನ ಅಂಗಡಿಯ ಮುಂದೆ ನಿಲ್ಲಿಸಿದ. ಅವನನ್ನು ನೋಡಿ ಒಬ್ಬೊಬ್ಬರೇ ಬಂದರು. ಈಗ ಆ ಅಂಗಡಿಯಲ್ಲಿ ಕಾಯಿಸಿದ ಕಬ್ಬಿಣ ಬೂದಿಯಲ್ಲೇ ರಾತ್ರಿ ಕಳೆಯುತ್ತದೆ. ಹಿಂದಿನ ಬಂಡಿ ರಿಪೇರಿಯಾದರೆ, ಮೊದಲ ಸಲ ಕೂಡುರಸ್ತೆಯಿಂದ ಹಳ್ಳದ ತನಕ ಅದರಲ್ಲಿ ಮಾಲಕನೇ ಕೂರಬೇಕು. ಜೊತೆಗೆ ದ್ಯಾವಪ್ಪನೂ ಕೂರುತ್ತಾನೆ. ಒಪ್ಪದವರಿಗೆ “ಆಗಂಗಿಲ್ರಿ” ಎಂದು ಬಂಡಿಯನ್ನು ಮುಟ್ಟುವುದಿಲ್ಲ.

ಒಪ್ಪದವರೇ ಹೆಚ್ಚು. ಅವರಿಗಾಗಿ ಎದುರಿಗೇ ಇನ್ನೊಂದು ಚಪ್ಪರ ಎದ್ದಿದೆ. ಅಲ್ಲಿ ಏನು ಕೇಳಿದರೂ “ಆಗಲ್ರಿ” ಎನ್ನುತ್ತಾರೆ. ಅಲ್ಲಿ ಸಾಲು ನಿಲ್ಲುವ ಬಂಡಿಗಳು ನಿಮ್ಮವು, ನಿಮ್ಮ ಭಾವನವು, ನಿಮ್ಮ ಬೀಗರವು. ಅವುಗಳ ಹಿಂದೆ ನಾಳೆಯೂ ಹೆಂಗಸರು ಬುತ್ತಿ ಕಟ್ಟಿಕೊಂಡು ಹತ್ತುತ್ತಾರೆ.

ಮಾಲಕರೇ, ನಾಳೆ ಬೆಳಿಗ್ಗೆ ಡ್ರೈವರನ ಪಕ್ಕದ ಜಾಗ ಫಕೀರಮ್ಮನಿಗೆ ಬಿಡಿ. ಹಿಂದಿನ ಬಂಡಿ ಹತ್ತಿ, ಹಳ್ಳದ ಇಳಿಜಾರು ಮುಗಿಯುವ ತನಕ ನೀವು ಕುಳಿತು ತೋರಿಸಿ.