ಅಕ್ಕನಿಗೆ ಬಂದ ಸ್ಟೂಲು

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಬಸ್ ಓಡಿಸುವ ಗಂಡ ಮೊದಲ ಪಾಳಿಗೆ ಹೊರಡಲು ಬಾಗಿಲಲ್ಲಿ ಕೂತು ಶೂ ಲೇಸು ಕಟ್ಟುತ್ತಿದ್ದರೆ, ಹೆಂಡತಿ ತಾನು ಬರೆದ ಸಾಲನ್ನು ಅಡುಗೆಮನೆಯ ಮೇಜಿನಿಂದಲೇ ಓದಿ ಹೇಳುತ್ತಾಳೆ: "ನೀವು ಗೋಡೆ ಗಡಿಯಾರ. ಐದು ನಿಮಿಷ ಹಿಂದೆ ಬಿದ್ದರೂ ಎಲ್ಲರೂ ನಿಮ್ಮನ್ನೇ ನೋಡುತ್ತಾರೆ." ಗಂಡ ತಲೆಯೆತ್ತದೆ "ಇದು ನಾನೇ" ಅನ್ನುತ್ತಾನೆ. ಮುಂದಿನದಕ್ಕೂ "ಇದೂ ನಾನೇ" ಅಂದರೆ ಎರಡೂ ಸಾಲು ಪಾಸು. ಎಲ್ಲರ ಕಾಲಿಗೂ ಹಿಡಿಸುವ ಚಪ್ಪಲಿ ಹೊಲಿಯುವ ಕೆಲಸ ಇದು.

ನೀವು ಯಾವ ಹಣ್ಣು, ಯಾವ ಮೋಡ, ಯಾವ ಮನೆಸಾಮಾನು? ಸಾಮಾಜಿಕ ಜಾಲತಾಣದಲ್ಲಿ ನಾವೆಲ್ಲ ಗುಂಡಿ ಒತ್ತಿ, ನಕ್ಕು, ಗೆಳೆಯರಿಗೆ ಕಳಿಸಿ ಮರೆಯುವ ಆಟಗಳಿವು. ಜಾಲತಾಣ ದೊಡ್ಡವರದು, ಅದರ ಬೆನ್ನಿಗೆ ಅಂಟಿಕೊಂಡಿರುವ ಈ ಆಟಗಳ ಆ್ಯಪ್ ಒಂದು ಪುಟ್ಟ ಕಂಪನಿಯದು. ಉತ್ತರಗಳನ್ನು ಬರೆಯುವವಳು ಈಕೆ. ಯಾರಿಗೆ ಯಾವುದು ಬರುತ್ತದೆ ಎಂಬುದು ಚೀಟಿ ಎತ್ತಿದ ಹಾಗೆ. ಮೊದಲು ಶುಭಾಶಯ ಪತ್ರಗಳಿಗೆ ಸಾಲು ಬರೆಯುತ್ತಿದ್ದಳು. ಕೊಳ್ಳುವವರಿಲ್ಲದೆ ಆ ಅಂಗಡಿ ಮುಚ್ಚಿತು. ಈಗ ದಿನಕ್ಕೆ ನಲವತ್ತು ಸಾಲು ಬರೆದರೆ ಉಳಿಯುವುದು ಹತ್ತೋ ಹನ್ನೆರಡೋ. ಜಾಲತಾಣ ನಾಳೆ ನಿಯಮ ಬದಲಿಸಿದರೆ ಅಷ್ಟೂ ನೀರಿನಲ್ಲಿ ಮಾಡಿದ ಹೋಮ.

"ಇದನ್ನ ಕೆಲಸ ಅನ್ನೋಕೆ ನಂಗೇ ನಾಚಿಕೆ," ಅನ್ನುತ್ತಾಳೆ. "ಆದ್ರೆ ಯಾರನ್ನಾದ್ರೂ ಮನಸ್ಸಲ್ಲಿ ಇಟ್ಕೊಳ್ಳದೆ ಒಂದು ಸಾಲೂ ಹುಟ್ಟಲ್ಲ."

ಸ್ಟೂಲಿನ ಸಾಲು ಹುಟ್ಟುವಾಗ ಮನಸ್ಸಿನಲ್ಲಿದ್ದವಳು ಈಕೆಯ ಅಕ್ಕ. ಮದುವೆಯಾಗದ ಅಕ್ಕ ಅಣ್ಣನ ಮನೆಯ ಅಡುಗೆ, ಬಟ್ಟೆ, ಮಕ್ಕಳ ಪಾಠ ಎಲ್ಲವನ್ನೂ ಹೊತ್ತವಳು. ತಂಗಿ ಕಂಪ್ಯೂಟರಿನಲ್ಲಿ ಏನೋ ಟೈಪ್ ಮಾಡುತ್ತಾಳೆ ಎಂಬುದಷ್ಟೇ ಅವಳಿಗೆ ಗೊತ್ತಿತ್ತು. ಕಳೆದ ತಿಂಗಳು ಮಕ್ಕಳ ಒತ್ತಾಯಕ್ಕೆ ಅಕ್ಕ ಆಟ ಆಡಿದರೆ ಅವಳಿಗೆ ಅದೇ ಬಂತು: "ನೀವು ಸ್ಟೂಲು. ನಿಮ್ಮ ಮೇಲೆ ಹತ್ತಿ ಮೇಲಿನ ಡಬ್ಬಿ ಇಳಿಸಿಕೊಳ್ಳುತ್ತಾರೆ. ಆಮೇಲೆ ಕಾಲಲ್ಲಿ ಮೇಜಿನ ಕೆಳಗೆ ತಳ್ಳುತ್ತಾರೆ." ಮಕ್ಕಳು ನಕ್ಕರು. ಮರುದಿನ ಅಕ್ಕ ಒಂದು ಚೀಲ ಹಿಡಿದು ತಂಗಿಯ ಮನೆಗೆ ಬಂದುಬಿಟ್ಟಳು. ಯಾರು ಅವಳ ತಲೆ ಕೆಡಿಸಿದ್ದು ಎಂದು ಅಣ್ಣ ದಿನವೂ ಫೋನು ಮಾಡುತ್ತಾನೆ. ತಂಗಿಗೆ ಇದು ಬಿಸಿ ತುಪ್ಪ: ನುಂಗುವಂತಿಲ್ಲ, ಉಗುಳುವಂತಿಲ್ಲ.

ಈ ಬೆಳಿಗ್ಗೆ ಗಂಡ ಹೊರಟ ಮೇಲೆ ಅಕ್ಕ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಾಳೆ. ಮತ್ತೆ ಆಡಿ ನೋಡಿದ್ದಾಳೆ. "ನಿನ್ನೆ ದೀಪ ಅಂತು, ಇವತ್ತು ಬಾಗಿಲ ಚಿಲಕ ಅಂತಿದೆ. ಎಲ್ಲಾ ಸುಳ್ಳು ಕಣೇ. ಇದನ್ನ ನಂಬಿ ಮನೆ ಬಿಟ್ಟು ಬಂದ್ನಲ್ಲ. ಹೋಗ್ತೀನಿ."

ತಂಗಿ ಬರೆಯುವುದನ್ನು ನಿಲ್ಲಿಸಿ ಎದ್ದು ಬರುತ್ತಾಳೆ. ಸುಮ್ಮನಿದ್ದರೆ ಅಕ್ಕ ಮತ್ತೆ ಅದೇ ಮನೆಗೆ. ಬಾಯಿ ಬಿಟ್ಟರೆ ಒಡಹುಟ್ಟಿದವಳೇ ಆಡಿಕೊಂಡಳು ಎಂದಾಗುತ್ತದೆ.

"ಸ್ಟೂಲು ಬರೆದಿದ್ದು ನಾನೇ ಅಕ್ಕ. ನಿನ್ನನ್ನ ನೆನೆಸ್ಕೊಂಡೇ ಬರೆದೆ. ಅದು ನಿಂಗೇ ಹೇಗೆ ಬಂತೋ, ನಂಗೂ ಗೊತ್ತಿಲ್ಲ."

ಅಕ್ಕ ಮಡಿಸಿದ ಟವೆಲನ್ನೇ ಮತ್ತೆ ಮಡಿಸುತ್ತಾಳೆ. "ಹಾಗಾದ್ರೆ ಅದೊಂದು ಸುಳ್ಳಲ್ಲ. ಇಷ್ಟು ಗೊತ್ತಿದ್ದೂ ಇಷ್ಟು ವರ್ಷ ನನ್ನ ಹತ್ರ ಒಂದು ಮಾತು ಆಡ್ಲಿಲ್ಲ ನೋಡು ನೀನು." ಆಮೇಲೆ ಚೀಲದಿಂದ ಬಟ್ಟೆ ತೆಗೆದು ಒಂದೊಂದಾಗಿ ಕಪಾಟಿಗೆ ಜೋಡಿಸತೊಡಗುತ್ತಾಳೆ. ವಾಪಸು ಬರುವುದಿಲ್ಲವೆಂದು ಅಣ್ಣನಿಗೆ ತಾನೇ ಫೋನು ಮಾಡಿ ಹೇಳುತ್ತಾಳಂತೆ.

ಒಂದು ಮನೆ ಮುರಿದೆನೋ, ಅಕ್ಕನಿಗೆ ಒಳ್ಳೆಯದು ಮಾಡಿದೆನೋ ಎಂಬುದು ತಂಗಿಗೆ ಇನ್ನೂ ಬಗೆಹರಿದಿಲ್ಲ. ಕಂಪನಿಗೆ ಮಾತ್ರ ಒಂದು ಕೋರಿಕೆ ಕಳಿಸಿದ್ದಾಳೆ.

"ಪ್ರತಿ ಸಾಲಿನ ಕೆಳಗೆ ಸಣ್ಣಕ್ಷರದಲ್ಲಾದ್ರೂ ನನ್ನ ಹೆಸರು ಹಾಕಿ ಅಂದಿದೀನಿ. ಬೈಯೋರು, ಕೇಳೋರು ನೇರ ನನ್ನ ಹತ್ರಾನೇ ಬರ್ಲಿ."