ಪಾಸಿಟಿವ್ ಅಂದರೆ ಎಷ್ಟು?

ನನ್ನ ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು. ಬನಹಟ್ಟಿಯ ಸಣ್ಣ ನರ್ಸಿಂಗ್ ಹೋಮ್ ಒಂದರಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ಒಂದು ಸೋಮವಾರ ಮಲ್ಲಪ್ಪ ಎಂಬ ಐವತ್ತನಾಲ್ಕು ವರ್ಷದ ನೇಕಾರರು ಜ್ವರವೆಂದು ದಾಖಲಾದರು. ಆರು ದಿನದ ಹಿಂದೆ ದೂರದ ದೊಡ್ಡ ಆಸ್ಪತ್ರೆಯೊಂದರಲ್ಲಿ ಅವರಿಗೆ ಆಂಜಿಯೋಪ್ಲಾಸ್ಟಿ ಆಗಿತ್ತು. ತೊಡೆಸಂದಿಯ ರಕ್ತನಾಳದಿಂದ ತಂತಿ ತೂರಿಸಿ ಹೃದಯದ ನಾಳಕ್ಕೆ ಎರಡು ಸ್ಟೆಂಟ್ ಹಾಕಿದ್ದರು.

ನಮ್ಮ ಡಾಕ್ಟರು ಸಿಆರ್‌ಪಿ ಪರೀಕ್ಷೆ ಬರೆದರು. ಮೈಯಲ್ಲಿ ಎಲ್ಲಾದರೂ ಉರಿಯೂತವಿದ್ದರೆ ರಕ್ತದಲ್ಲಿ ಏರುವ ಪ್ರೋಟೀನ್ ಅದು. ನಮ್ಮ ಸ್ಲೈಡ್ ಪರೀಕ್ಷೆಯಲ್ಲಿ ಲೀಟರಿಗೆ ಆರು ಮಿಲಿಗ್ರಾಂ ದಾಟಿದರೆ ಗಾಜಿನ ಮೇಲಿನ ಹನಿ ಹರಳುಗಟ್ಟಿ ‘ಪಾಸಿಟಿವ್’ ಎನಿಸುತ್ತಿತ್ತು, ಅಷ್ಟೇ. ಆರು ದಾಟಿ ಎಷ್ಟು ಎಂಬುದು ಅದರಲ್ಲಿ ಕಾಣುತ್ತಿರಲಿಲ್ಲ. ‘ಪಾಸಿಟಿವ್’ ಎಂದು ಬರೆದು ಬರೆದು ಬೇಸತ್ತು ನಾನೊಂದು ರಬ್ಬರ್ ಸ್ಟ್ಯಾಂಪನ್ನೇ ಮಾಡಿಸಿಟ್ಟುಕೊಂಡಿದ್ದೆ. ಅದನ್ನೇ ಒತ್ತಿ ಕಳಿಸಿದೆ.

ನಮ್ಮ ಡಾಕ್ಟರು ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿದರು. “ಸ್ಟೆಂಟ್ ಹಾಕಿದ ಮೇಲೆ ಎಲ್ಲರಿಗೂ ಪಾಸಿಟಿವ್ ಬರುತ್ತದೆ. ವೈರಲ್ ಜ್ವರ ಇರಬೇಕು, ಪ್ಯಾರಾಸಿಟಮಾಲ್ ಕೊಡಿ” ಎಂದು ಅಲ್ಲಿಯ ಡಾಕ್ಟರು ಫೋನ್ ಇಟ್ಟರಂತೆ. ರೋಗಿಯ ಹೆಸರನ್ನೂ ಕೇಳಲಿಲ್ಲವಂತೆ!

ಬುಧವಾರ ಮಲ್ಲಪ್ಪನವರಿಗೆ ನಡುಕ ಹತ್ತಿತು. ಮತ್ತೆ ರಕ್ತ ಬಂತು, ಮತ್ತೆ ಹನಿ ಹರಳುಗಟ್ಟಿತು. ಸ್ಟ್ಯಾಂಪ್ ಕೈಗೆತ್ತಿಕೊಂಡಿದ್ದೆ. ಅವರ ಹೆಂಡತಿ ಗಂಗವ್ವ ಬಾಗಿಲಲ್ಲಿ ನಿಂತಿದ್ದಳು.

“ಅಕ್ಕಾರ, ಅವತ್ತೂ ಪಾಸಿಟಿವ್ ಅಂದ್ರಿ, ಇವತ್ತೂ ಅದನ್ನ ಅಂತೀರಿ. ಹೆಚ್ಚಾಗೇತೋ ಕಡಿಮಿ ಆಗೇತೋ, ಅದನ್ನರ ಹೇಳ್ರಿ.”

ಸಾಲಿ ಕಲಿಯದ ಆಕೆ ಕೇಳಿದ ಪ್ರಶ್ನೆಯನ್ನು ನಾವು ಕಲಿತವರು ಯಾರೂ ಕೇಳಿರಲಿಲ್ಲ. ನಾಚಿಕೆಯಾಯಿತು. ರಕ್ತದಿಂದ ಬೇರ್ಪಡಿಸಿ ಫ್ರಿಜ್ಜಿನಲ್ಲಿಟ್ಟಿದ್ದ ಸೋಮವಾರದ ಸೀರಮ್ಮನ್ನೂ ತೆಗೆದು, ಎರಡನ್ನೂ ಸಲೈನ್ ಬೆರೆಸಿ ಇಮ್ಮಡಿ ಇಮ್ಮಡಿಯಾಗಿ ತೆಳ್ಳಗೆ ಮಾಡುತ್ತ ಹೋದೆ. ಸೋಮವಾರದ್ದು ನಾಲ್ಕು ಪಟ್ಟು ತೆಳ್ಳಗಾಗುವವರೆಗೆ ಮಾತ್ರ ಹರಳುಗಟ್ಟಿತು, ಅಂದರೆ ಆರರ ನಾಲ್ಕು ಪಟ್ಟು, ಇಪ್ಪತ್ನಾಲ್ಕು. ಬುಧವಾರದ್ದು ಹದಿನಾರು ಪಟ್ಟಾದರೂ ಹರಳುಗಟ್ಟುತ್ತಿತ್ತು: ತೊಂಬತ್ತಾರು. ಸ್ಟೆಂಟಿನಿಂದ ಏರುವ ಸಿಆರ್‌ಪಿ ಎರಡು ಮೂರು ದಿನ ಏರಿ ಇಳಿಯಬೇಕು. ಎಂಟನೆಯ ದಿನ ಹೀಗೆ ನಾಲ್ಕು ಪಟ್ಟು ಏರಿದೆ ಎಂದರೆ ಎಲ್ಲೋ ಕೀವಾಗುತ್ತಿರಬೇಕು.

ಡಾಕ್ಟರ ಜೊತೆ ನಾನೂ ವಾರ್ಡಿಗೆ ಓಡಿದೆ. ಎಲ್ಲರೂ ಎರಡು ದಿನದಿಂದ ಎದೆಯನ್ನೇ ನೋಡುತ್ತಿದ್ದರು. ತೊಡೆಸಂದಿಯಲ್ಲಿ ತಂತಿ ತೂರಿಸಿದ ಜಾಗ ತೋರಿಸಿ ಎಂದು ಡಾಕ್ಟರು ಕೇಳಿದರೆ ಮಲ್ಲಪ್ಪ ಚಾದರ ಬಿಗಿಹಿಡಿದರು.

“ಅಲ್ಲೇನಿಲ್ರೀ, ಛಲೋ ಐತಿ.”

“ಸುಳ್ಳ ಹೇಳಬ್ಯಾಡ್ರಿ!” ಗಂಗವ್ವ ಗದರಿದಳು. “ಮನಿಗಿ ಬಂದ ಮರುದಿನಾನ ಮಗ್ಗದ ಕುಣಿಗಿ ಇಳದಾರ್ರೀ. ಬಾವು ಬಂದದ್ದಕ್ಕ ಅರಿವಿ ಬಿಗದ ಕಟ್ಟಕೊಂಡಾರ. ನಾಚಿಗಿ ಅಂತ ನನಗೂ ತೋರಸವಲ್ರು.”

“ಯಾಕೆ ಇಳಿದಿರಿ?” ಡಾಕ್ಟರು ಕೂಗಿಯೇಬಿಟ್ಟರು.

“ಭಾರ ಎತ್ತಬ್ಯಾಡ, ಅಡ್ಡಾಡಬ್ಯಾಡ, ಕುಂತಕೊಂಡಿರು ಅಂದಿದ್ರಲ್ರೀ ಅಲ್ಲಿ. ನಂದು ಕುಂತ ಮಾಡೂ ಕೆಲಸ ಅಲ್ಲೇನ್ರೀ?”

ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ದಿನವಿಡೀ ಎರಡೂ ಕಾಲಿನಿಂದ ತುಳಿಯುತ್ತಲೇ ನೇಯುವ ಮಗ್ಗ ಅದು. ಬಟ್ಟೆ ಬಿಚ್ಚಿದಾಗ ನಿಂಬೆಹಣ್ಣಿನಷ್ಟು ಬಾವು, ಒಳಗೆಲ್ಲ ಕೀವು, ನಾಳದ ಗೋಡೆ ಒಡೆಯುವ ಹಾದಿಯಲ್ಲಿತ್ತು. ಆಂಬುಲೆನ್ಸ್‌ನಲ್ಲಿ ಅದೇ ದೊಡ್ಡ ಆಸ್ಪತ್ರೆಗೆ ಕಳಿಸಿದೆವು. ಅಂದೇ ಆಪರೇಷನ್ ಆಗಿ ಜೀವ ಉಳಿಯಿತು. ಬಲಗಾಲು ಮಾತ್ರ ಸೋತಿತು.

ಎರಡನೆಯ ಸಲದ ಡಿಸ್ಚಾರ್ಜ್ ಕಾಗದದಲ್ಲಿ ಏನು ಬರೆದಿತ್ತು ಗೊತ್ತೆ? ‘ರೋಗಿ ಸಲಹೆ ಪಾಲಿಸಿಲ್ಲ.’ ಓದಿ ಮೈಯೆಲ್ಲ ಉರಿಯಿತು. ಅಕ್ಷರಕ್ಕೆ ಅಕ್ಷರ ಪಾಲಿಸಿದ್ದರಪ್ಪಾ! ನೀನು ಏನು ಕೆಲಸ ಮಾಡುತ್ತೀ ಎಂದು ಆ ಮನುಷ್ಯನನ್ನು ಒಬ್ಬರಾದರೂ ಕೇಳಿದ್ದರೇ? ಸೋಮವಾರ ಸಂಖ್ಯೆ ಹಾಕದೆ ಸ್ಟ್ಯಾಂಪ್ ಒತ್ತಿದ ನನ್ನ ಮೇಲೂ ಅಷ್ಟೇ ಸಿಟ್ಟು ಬಂತು. ಆ ಸ್ಟ್ಯಾಂಪನ್ನು ಒಲೆಗೆ ಹಾಕಿದೆ. ಸಂಖ್ಯೆ ಬರೆಯದೆ, ರೋಗಿಯ ಕಸುಬು ಕೇಳದೆ ಒಂದು ರಿಪೋರ್ಟೂ ಮತ್ತೆ ನನ್ನ ಕೈಯಿಂದ ಹೋಗಲಿಲ್ಲ.

ಕೆಲವು ತಿಂಗಳ ಮೇಲೆ ಅವರ ಮನೆಗೆ ಹೋಗಿದ್ದೆ. ಮಗ್ಗದ ಕುಣಿಗೆ ಹಲಗೆ ಮುಚ್ಚಿ, ಅದರ ಮೇಲೆ ಕುರ್ಚಿ ಹಾಕಿದ್ದರು. ಮಲ್ಲಪ್ಪ ಕುರ್ಚಿಯಿಂದ ಏಳಲು ಹೋಗಿ, ಆಗದೆ, ಹಾಗೇ ಕೈಮುಗಿದರು.

“ಈಗ ಡಾಕ್ಟರ್ ಹೇಳಿದಂಗ ಖರೇನ ಕುಂತೇನ್ರೀ, ಅಕ್ಕಾರ.”