ಹಳದಿ ಜ್ವರದ ಸೂಜಿ

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಉಜ್ಜನಪ್ಪನನ್ನು ಮಾತಿಗೆಳೆದವರು ಅರ್ಧ ಗಂಟೆಗೆ ಮುಂಚೆ ತಪ್ಪಿಸಿಕೊಂಡು ಹೋದದ್ದಿಲ್ಲ. ಕಬ್ಬಿಣದ ಕಾರ್ಖಾನೆಯ ಎರಕದ ಕೆಲಸದಲ್ಲಿ ಪಳಗಿದ ಆತ, ಸ್ವಾತಂತ್ರ್ಯ ಬಂದ ಮಾರನೆಯ ವರ್ಷ ಡಚ್ ಗಯಾನಕ್ಕೆ ಹೋಗಿ, ಅಲ್ಯೂಮಿನಿಯಂ ಅದಿರು ಅಗೆಯುವ ಕಂಪನಿಯೊಂದರಲ್ಲಿ ಏಳು ವರ್ಷ ದುಡಿದು ಬಂದಿದ್ದ. ದಕ್ಷಿಣ ಅಮೆರಿಕದ ನೆತ್ತಿಯಲ್ಲಿ ಸಮುದ್ರಕ್ಕೆ ಅಂಟಿಕೊಂಡ ಆ ಪುಟ್ಟ ದೇಶವನ್ನು ನಕ್ಷೆಯಲ್ಲಿ ತೋರಿಸಬಲ್ಲವರು ಊರಿನಲ್ಲಿ ಹೆಚ್ಚಿಗೆ ಇರಲಿಲ್ಲ. ಆದರೆ ಅಲ್ಲಿಗೆ ಹೋಗುವವರು ಏನೇನು ಮಾಡಬೇಕು ಎನ್ನುವುದು ಇಡೀ ಪೇಟೆಗೆ ಬಾಯಿಪಾಠವಾಗಿತ್ತು. ವರ್ಷಕ್ಕೆ ಎರಡು ಮಳೆಗಾಲ, ಎರಡು ಬೇಸಿಗೆ, ಎರಡನೆಯ ಬೇಸಿಗೆಯಲ್ಲಿ ಇಳಿಯಿರಿ. ಉಣ್ಣೆಯ ಕೋಟು ಬೇಡ, ಸೊಳ್ಳೆಪರದೆ ಬೇಕು. ಸಮುದ್ರ ನೀಲಿಯಾಗಿರುತ್ತದೆಂದು ಆಸೆಪಡಬೇಡಿ, ಬರೀ ಕೆಸರು. ಮೀನು ಮಾಂಸ ಮುಟ್ಟದವರು ಹಿಂದೂಸ್ತಾನಿಗಳ ಬೀದಿ ಹುಡುಕಿಕೊಳ್ಳಿ, ಬೇಳೆ ಅನ್ನಕ್ಕೆ ಮೋಸವಿಲ್ಲ. ಸಂತೆಗೆ ಹೋಗಲು ಪುರುಸೊತ್ತಿಲ್ಲದ ಹೆಂಗಸರೂ ಇದನ್ನೆಲ್ಲ ನಿಂತು ಕೇಳಬೇಕಾಗುತ್ತಿತ್ತು.

ಕೊನೆಗೆ ತಪ್ಪದೆ ಬರುತ್ತಿದ್ದದ್ದು ಹಳದಿ ಜ್ವರದ ಸೂಜಿಯ ಮಾತು. ಆ ಕಡೆಯಿಂದ ಬರುವವರ ಬಳಿ ಸೂಜಿ ಹಾಕಿಸಿಕೊಂಡ ಸರ್ಟಿಫಿಕೇಟು ಇರಬೇಕು. ಅದೂ ಸೂಜಿ ಬಿದ್ದು ಹತ್ತು ದಿನ ಕಳೆದಿರಬೇಕು. ಇಲ್ಲದವರನ್ನು ಬೊಂಬಾಯಿಯಲ್ಲೇ ಹಿಡಿದಿಡುತ್ತಾರೆ. ವಾಪಸು ಬರುವಾಗ ಉಜ್ಜನಪ್ಪನ ಸರ್ಟಿಫಿಕೇಟಿನ ಅವಧಿ ಮುಗಿದುಹೋಗಿತ್ತು. ಆರು ದಿನ ಸೊಳ್ಳೆಬಲೆ ಹೊಡೆದ ಕೋಣೆಯಲ್ಲಿ ಕೂರಿಸಿದ್ದರು. ಆ ಅವಮಾನ ಅವನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದಿತ್ತು.

ಮಗಳು ವೀರಮ್ಮನನ್ನು ಅಕ್ಕನ ಮಗ ಶಿವಯೋಗಪ್ಪನಿಗೇ ಕೊಟ್ಟಿದ್ದ. ಮದುವೆಯಾದ ವರ್ಷವೇ, ಅಂದರೆ ಐವತ್ತೆಂಟರಲ್ಲಿ, ಅಳಿಯನನ್ನು ಅದೇ ಕಂಪನಿಗೆ ಕಳಿಸಿದವನೂ ಇವನೇ. ನಾಲ್ಕು ವರ್ಷ ದುಡಿದು ಬರಲಿ, ಹುಡುಗಿ ನಮ್ಮಲ್ಲಿರಲಿ ಎಂದಿದ್ದ. ನಾಲ್ಕನೆಯ ವರ್ಷದಲ್ಲಿ ವೀರಮ್ಮನಿಗೆ ಮೆಟ್ಟಿಲು ಹತ್ತಿದರೆ ಉಸಿರು ಕಟ್ಟತೊಡಗಿತು. ಕಾಲು ಬಾತುಕೊಂಡಿತು. ಶಿವಮೊಗ್ಗದ ಡಾಕ್ಟರು ಉಜ್ಜನಪ್ಪನನ್ನು ಹೊರಗೆ ಕರೆದು, ಹೃದಯ ಪೂರ್ತಿ ಕೆಟ್ಟಿದೆ, ಗಂಡನನ್ನು ಕರೆಸಿ, ಎರಡು ತಿಂಗಳು ಕಳೆದರೆ ಹೆಚ್ಚು ಎಂದರು.

ಅವತ್ತೇ ಏರ್‌ಮೇಲಿನಲ್ಲಿ ಕಾಗದ ಬರೆದ. ಬರೆಯುವಾಗಲೂ ಬುದ್ಧಿವಾದ ನಿಲ್ಲಲಿಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ ವಿಮಾನ ಬದಲಾಯಿಸು, ಬೊಂಬಾಯಿಯಿಂದ ಪುಣೆಯ ಮೇಲೆ ಬೀರೂರಿಗೆ ಬಾ ಎಂದೆಲ್ಲ ಬರೆದು, ಕೊನೆಗೆ ಹೀಗೆ ಮುಗಿಸಿದ: "ಮೊದಲು ಸೂಜಿ ಹಾಕಿಸಿಕೋ. ಹತ್ತು ದಿನ ತುಂಬದೆ ಹೊರಡಬೇಡ, ವೀರಮ್ಮನ ಮೇಲಾಣೆ."

ಎರಡು ವಾರಕ್ಕೆ ತಂತಿ ಬಂತು. ಈ ದಿನ ಸೂಜಿ ಆಯಿತು, ಹತ್ತು ದಿನದ ಮೇಲೆ ಹೊರಡುತ್ತೇನೆ.

ವೀರಮ್ಮನಿಗೆ ಮಲಗಲು ಆಗುತ್ತಿರಲಿಲ್ಲ. ಬೆನ್ನಿಗೆ ಮೂರು ದಿಂಬು ಕೊಟ್ಟು ಕೂರಿಸುತ್ತಿದ್ದರು.

"ಇವತ್ತಿಗೆ ಎಷ್ಟಾಯ್ತಪ್ಪಾ?"

"ನಾಲ್ಕು ದಿನ ಆಯ್ತು ಮಗಳೇ. ಇನ್ನಾರು ಕಳೀಲಿ, ವಿಮಾನ ಹತ್ತೇ ಬಿಡ್ತಾನೆ."

"ಸೂಜಿ ಗೀಜಿ ಬ್ಯಾಡ, ಬಂದುಬಿಡಿ ಅನ್ನಬಾರದಿತ್ತಾ?"

ಏಳನೆಯ ದಿನ ಅವಳ ತುಟಿ ನೀಲಿಯಾಯಿತು. ಹೆಂಡತಿ ಕಲ್ಲಮ್ಮ ಸೆರಗು ಬಾಯಿಗೊತ್ತಿಕೊಂಡು, "ತಂತಿ ಕೊಡ್ರೀ, ಈಗಲೇ ಹೊರಡು ಅನ್ರೀ" ಎಂದು ಗೋಗರೆದಳು. ಉಜ್ಜನಪ್ಪ ಚಪ್ಪಲಿಯನ್ನೂ ಮೆಟ್ಟದೆ ಪೋಸ್ಟಾಫೀಸಿಗೆ ಓಡಿದ. ಫಾರಂ ಕೈಗೆ ಬಂದ ಮೇಲೆ ಬೊಂಬಾಯಿಯ ಬಲೆಯ ಕೋಣೆ ಕಣ್ಣಿಗೆ ಕಟ್ಟಿತು. ಮೂರು ದಿನ ಉಳಿಸಲು ಹೋಗಿ ಅಳಿಯ ಅಲ್ಲಿ ಸಿಕ್ಕಿಹಾಕಿಕೊಂಡರೆ? ಕೌಂಟರಿನ ಮುಂದೆ ಅಷ್ಟು ಹೊತ್ತು ನಿಂತು, ದೇವರೇ ಏನು ಮಾಡಲಿ ಎಂದು ಬಾಯಿಬಿಟ್ಟು ಅತ್ತ. ಗುಮಾಸ್ತ ಶೇಷಪ್ಪ ಹೊರಗೆ ಬಂದು ನೀರು ಕೊಟ್ಟ. ಉಜ್ಜನಪ್ಪ ಖಾಲಿ ಫಾರಂ ಹಿಡಿದು ಮನೆಗೆ ಬಂದ.

ಹನ್ನೊಂದನೆಯ ದಿನ ಬೆಳಿಗ್ಗೆ, ಇವತ್ತು ಅವರು ಎಲ್ಲಿರ್ತಾರೆ ಎಂದು ವೀರಮ್ಮ ಕೇಳಿದಳು. ವಿಮಾನದಲ್ಲಿ ಎಂದ. ಗಂಜಿ ಕುಡಿಸಲು ಕಲ್ಲಮ್ಮ ಬರುವಷ್ಟರಲ್ಲಿ ಜೀವ ಹೋಗಿತ್ತು. ಅದೇ ದಿನ ಇಳಿಹೊತ್ತಿಗೆ ಮಣ್ಣು ಮಾಡಿದರು.

ಶಿವಯೋಗಪ್ಪ ಬಂದದ್ದು ಅದರ ಐದನೆಯ ದಿನ. ಬೀರೂರಿನಲ್ಲಿ ರೈಲು ಬದಲಾಯಿಸುವಾಗ ಯಾರೋ ಊರಿನವರು ಹೇಳಿಬಿಟ್ಟಿದ್ದರು. ಬಂದವನು ಅಳಲಿಲ್ಲ. ಟ್ರಂಕನ್ನು ಪಡಸಾಲೆಯಲ್ಲಿಟ್ಟು, ಅವಳು ಒರಗಿ ಕೂರುತ್ತಿದ್ದ ಗೋಡೆಯ ಹತ್ತಿರ ಕುಳಿತು, ಜೇಬಿನಿಂದ ಸೂಜಿಯ ಸರ್ಟಿಫಿಕೇಟಿನ ಹಳದಿ ಪುಸ್ತಕ ತೆಗೆದು ನೆಲದ ಮೇಲಿಟ್ಟ.

"ಬೊಂಬಾಯಲ್ಲಿ ಯಾರೂ ತಡೀಲಿಲ್ಲ ಮಾವ."

"ನೋಡಿದ್ಯಾ, ಸೂಜಿ ಹಾಕಿಸ್ಕೊಂಡಿದ್ದಕ್ಕೆ ಬಿಟ್ರು" ಎಂದ ಉಜ್ಜನಪ್ಪ. ಆ ಹೊತ್ತಿನಲ್ಲೂ ಬಾಯಿಗೆ ಬಂದದ್ದು ಅದೇ.

"ಅದು ಬೇಕೇ ಇರ್ಲಿಲ್ಲ ಮಾವ. ಇಲ್ಲಿಂದ ಹೋಗುವಾಗ ಹಾಕ್ಸಿದ್ನಲ್ಲ, ಅದೇ ಆರು ವರ್ಷಕ್ಕೆ ನಡೀತದೆ, ಇನ್ನೂ ಎರಡು ವರ್ಷ ಬಾಕಿ ಇದೆ ಅಂದ್ರು ಅಲ್ಲಿ ಡಾಕ್ಟರು. ನಾಳೆನೇ ವಿಮಾನ ಇದೆ, ಹೊರಡು ಅಂದ್ರು."

ಉಜ್ಜನಪ್ಪ ಪುಸ್ತಕ ಎತ್ತಿಕೊಂಡ. ಅವನಿಗೆ ಓದಲು ಬಾರದ ಅಕ್ಷರಗಳ ಕೆಳಗೆ ಎರಡು ಮೊಹರು ಇದ್ದವು. "ಮತ್ಯಾಕೋ? ಮತ್ಯಾಕೋ ಹೊರಡ್ಲಿಲ್ಲ?"

"ನೀವು ವೀರಿ ಮೇಲೆ ಆಣೆ ಹಾಕಿದ್ರಲ್ಲ ಮಾವ. ಮೊದ್ಲೇ ಅವಳಿಗೆ ಹಂಗಾಗಿದೆ. ನಾನು ಆಣೆ ಮುರಿದು ಅವಳಿಗೇನಾದ್ರೂ ಆದ್ರೆ? ಹತ್ತು ದಿನ ರೂಮಲ್ಲಿ ಬಾಗಿಲು ಹಾಕ್ಕೊಂಡು ಕೂತಿದ್ದೆ."

ಉಜ್ಜನಪ್ಪ ಎರಡೂ ಕೈಯಿಂದ ತಲೆ ಚಚ್ಚಿಕೊಳ್ಳತೊಡಗಿದ. ಶಿವಯೋಗಪ್ಪ ಎದ್ದು ಬಂದು ಬೆನ್ನ ಮೇಲೆ ಕೈಯಿಟ್ಟ. "ಅಳಬ್ಯಾಡಿ ಮಾವ. ಆಣೆ ಉಳಿಸ್ಕೊಂಡಿದ್ದಕ್ಕೇ ಅಷ್ಟು ದಿನವಾದ್ರೂ ಇದ್ಲು. ಇಲ್ದಿದ್ರೆ ಇನ್ನೂ ಮುಂಚೆನೇ ಹೋಗ್ತಿದ್ಲು."

ಹೌದಪ್ಪ ಎಂದು ಉಜ್ಜನಪ್ಪ ಸುಮ್ಮನಾಗಬಹುದಿತ್ತು. ಆಗಲಿಲ್ಲ.

"ಅದು ಆಣೆ ಅಲ್ಲ ಕಣೋ" ಎಂದ. "ಕಾಗದ ಮುಗಿಸಬೇಕಿತ್ತು, ನೀನು ಎಲ್ಲಿ ಮಾತು ಕೇಳಲ್ವೋ ಅಂತ ಸುಮ್ನೆ ಬರೆದೆ. ಆಗಲೇ ಹೊರಟಿದ್ರೆ ನಿಂಗೆ ನಾಲ್ಕೈದು ದಿನ ಸಿಗ್ತಿದ್ಲು."

ಶಿವಯೋಗಪ್ಪ ಮಾವನ ಬೆನ್ನ ಮೇಲಿಟ್ಟಿದ್ದ ಕೈಯನ್ನು ತೆಗೆದುಕೊಂಡ.